ಮೆಲ್ಬರ್ನ್ ಸಾಹೇಬರ ಕಣ್ಣೀರು

1838ರ ಜೂನ್ 28. ವಿಕ್ಟೋರಿಯಾ ರಾಣಿಯ ಪಟ್ಟಾಭಿಷೇಕ. ಭಾರದ ರಾಜಖಡ್ಗ ಹಿಡಿದು ನಿಂತಿದ್ದ ಪ್ರಧಾನಿ ಲಾರ್ಡ್ ಮೆಲ್ಬರ್ನ್ ಕಣ್ಣಲ್ಲಿ ನೀರು. ನಡುವೆ ಪಕ್ಕದ ಕೋಣೆಗೆ ಹೋದರೆ ಅಲ್ಲಿದ್ದ ಪೂಜಾವೇದಿಕೆಯ ಮೇಲೇ ಸ್ಯಾಂಡ್‌ವಿಚ್, ವೈನ್ ಬಾಟಲಿ! ಸುಸ್ತಾಗಿದ್ದ ಸಾಹೇಬರು ಒಂದು ಗ್ಲಾಸ್ ಏರಿಸಿಯೇಬಿಟ್ಟರು.

ಈ ಮನುಷ್ಯನ ಕಥೆ ಓದಿದರೆ ಯಾರಿಗಾದರೂ ಮನಸ್ಸು ಕರಗುತ್ತೆ. ಹೆಂಡತಿ ಇಲ್ಲ. ಇದ್ದೊಬ್ಬ ಮಗನೂ 1836ರಲ್ಲಿ ತೀರಿಕೊಂಡ. ಮರುವರ್ಷ 18ರ ಹುಡುಗಿ ರಾಣಿಯಾದಳು, 58ರ ಈತ ಅವಳಿಗೆ ಪ್ರಧಾನಿ, ಕಾರ್ಯದರ್ಶಿ, ಮೇಷ್ಟ್ರು ಎಲ್ಲವೂ ಆದ. ಆ ಪ್ರೀತಿ ನಾಟಕ ಅಲ್ಲ, ಒಪ್ಪುತ್ತೇನೆ.

ಆದರೆ ಪಟ್ಟಾಭಿಷೇಕದಿಂದ ನಾಲ್ಕು ವರ್ಷ ಹಿಂದಕ್ಕೆ, 1834ಕ್ಕೆ ಹೋಗಿ. ಇಂಗ್ಲೆಂಡಿನ ಡಾರ್ಸೆಟ್ ಸೀಮೆಯ ಟೋಲ್‌ಪಡಲ್ ಹಳ್ಳಿ. ಹೊಲದ ಕೂಲಿ ವಾರಕ್ಕೆ 9 ಶಿಲಿಂಗ್ ಇದ್ದದ್ದು 7ಕ್ಕೆ ಇಳಿದಿತ್ತು, 6ಕ್ಕೆ ಇಳಿಸ್ತೀವಿ ಅಂತ ಬೇರೆ ಹೆದರಿಸುತ್ತಿದ್ದರು. ಕೂಲಿಯವರು ಸಂಘ ಕಟ್ಟಿದರು. ಸಂಘ ಕಟ್ಟೋದು ಅಪರಾಧ ಆಗಿರಲಿಲ್ಲ. ಅದಕ್ಕೇ 'ಗುಟ್ಟಾಗಿ ಪ್ರಮಾಣ ಮಾಡಿಸಿದರು' ಅಂತ ಹಳೇ ಕಾನೂನು ಹುಡುಕಿ ಕೇಸು ಜಡಿದರು. ಆರು ಜನಕ್ಕೆ 7 ವರ್ಷ ಆಸ್ಟ್ರೇಲಿಯಾಕ್ಕೆ ಗಡೀಪಾರು. ಶಿಕ್ಷೆ ಸರಿ ಅಂತ ಗಟ್ಟಿಯಾಗಿ ನಿಂತ ಗೃಹಮಂತ್ರಿ ಯಾರು? ಇದೇ ಮೆಲ್ಬರ್ನ್. ಲಂಡನ್ನಿನಲ್ಲಿ ಸಾವಿರಾರು ಜನ ಮನವಿ ಹೊತ್ತು ಮೆರವಣಿಗೆ ಬಂದರೆ, ಹೀಗೆ ಗುಂಪಾಗಿ ಬಂದರೆ ಮುಟ್ಟಲ್ಲ ಅಂದುಬಿಟ್ಟ. 1836ರಲ್ಲಿ ಕ್ಷಮೆ ಸಿಕ್ಕಿದ್ದು ಈತ ಪ್ರಧಾನಿಯಾಗಿದ್ದಾಗಲೇ, ನಿಜ. ಅದನ್ನು ಕೊಡಿಸಿದ್ದು ಗೃಹಮಂತ್ರಿ ರಸೆಲ್.

ಕಣ್ಣೆದುರು ಕೂತವರ ಕಷ್ಟ ಮಾತ್ರ ಕಾಣೋ ದೊಡ್ಡಮನುಷ್ಯರು ಇರ್ತಾರಲ್ಲ, ಈತ ಆ ಜಾತಿ. ಎದುರಿಗಿದ್ದವಳಿಗಾದರೂ ಗಟ್ಟಿಯಾಗಿ ಬುದ್ಧಿ ಹೇಳಿದನಾ? ಅದೂ ಇಲ್ಲ. 1839ರಲ್ಲಿ ಮೆಲ್ಬರ್ನ್ ರಾಜೀನಾಮೆ ಕೊಟ್ಟ. ಹೊಸ ಸರ್ಕಾರ ರಚಿಸಬೇಕಿದ್ದ ವಿರೋಧ ಪಕ್ಷದ ಪೀಲ್, ಮೆಲ್ಬರ್ನ್ ಪಕ್ಷದ ಮನೆತನಗಳಿಂದ ಬಂದಿದ್ದ ರಾಣಿಯ ಸಖಿಯರಲ್ಲಿ ಕೆಲವರನ್ನು ಬದಲಾಯಿಸಿ ಅಂದ. ರಾಣಿ ಆಗಲ್ಲ ಅಂದಳು. ಪೀಲ್ ಒಪ್ಪದಿದ್ದರೆ ಹಠ ಬೇಡ ಅಂತ ಮೊದಲು ಬರೆದವನೇ, ಆಮೇಲೆ ಅವಳ ಪಕ್ಷ ಹಿಡಿದು ಸುಮ್ನೆ ವಾಪಸ್ ಬಂದು ಕುರ್ಚಿಯಲ್ಲಿ ಕೂತ.

ಅದೇ ವರ್ಷ ರಾಣಿ 'ಆಲಿವರ್ ಟ್ವಿಸ್ಟ್' ಓದುತ್ತಿದ್ದಾಗ ಈತ ಮೂಗು ಮುರಿದ. ಬರೀ ವರ್ಕ್‌ಹೌಸು, ಶವಪೆಟ್ಟಿಗೆ ಮಾಡೋರು, ಜೇಬುಗಳ್ಳರು. ಇಂಥವು ನನಗೆ ನಿಜದಲ್ಲೂ ಬೇಡ, ಪುಸ್ತಕದಲ್ಲೂ ಬೇಡ ಅಂದನಂತೆ. ರಾಣಿಯೇ ದಿನಚರಿಯಲ್ಲಿ ಬರೆದಿಟ್ಟಿದ್ದಾಳೆ. ಗತಿಯಿಲ್ಲದವರನ್ನು ದುಡಿಸಿಕೊಂಡು ಗಂಜಿ ಹಾಕುವ ಆ ವರ್ಕ್‌ಹೌಸುಗಳನ್ನು ದೇಶಕ್ಕೆಲ್ಲ ಹಬ್ಬಿಸಿದ 1834ರ ಕಾನೂನು ಪಾಸಾದಾಗ ಪ್ರಧಾನಿ ಈತನೇ, ಗೊತ್ತಾ?

ಆ ಆರು ಜನರಲ್ಲಿ ಐವರು ಆಮೇಲೆ ಕೆನಡಾಕ್ಕೆ ಹೋದರು. ಟೋಲ್‌ಪಡಲ್‌ನಲ್ಲೇ ಬಾಳಿದ ಜೇಮ್ಸ್ ಹ್ಯಾಮೆಟ್ 1891ರಲ್ಲಿ ಸತ್ತಿದ್ದು ವರ್ಕ್‌ಹೌಸಿನಲ್ಲಿ.