ಮಗಳಿಗೆ ಸಂಸ್ಕೃತಿ ಇಲ್ಲ ಅಂತ ಬೈಯೋಕೆ ಮುಂಚೆ

ಕಾರ್ತಿಕದಲ್ಲಿ ತಿಪಟೂರಿನ ಹತ್ರ ನಮ್ ಕಡೆಯೋರ ಮದುವೆ ಇತ್ತು. ಊಟದ ಹೊತ್ತಲ್ಲಿ ನಮ್ ದೊಡ್ಡಮ್ಮ ನನ್ ಮಗಳನ್ನ ಪಕ್ಕಕ್ಕೆ ಕೂರಿಸ್ಕೊಂಡು ‘ಏನ್ ಮಗಾ ಹಿಂಗ್ ಸೊರಗಿದೀಯ, ಸರ್ಯಾಗಿ ಉಣ್ಣಲ್ವಾ’ ಅಂತ ತಲೆ ಸವರಿದ್ರು. ಇವಳು ಇಂಗ್ಲಿಷಲ್ಲಿ ಏನೋ ಎರಡು ಮಾತು ಹೇಳಿ ನಕ್ಕು ಸುಮ್ಮನಾದಳು. ದೊಡ್ಡಮ್ಮ ನನ್ನ ಮುಖ ನೋಡಿದ್ರು. ಅಷ್ಟೇ. ವಾಪಸ್ ಬರುವಾಗ ಕಾರಲ್ಲಿ ನಮ್ಮನೆಯೋರು ಶುರು ಮಾಡಿದ್ರು, ದೊಡ್ಡೋರ ಹತ್ರ ಹೆಂಗ್ ಮಾತಾಡ್ಬೇಕು ಗೊತ್ತಿಲ್ಲ, ನೆಂಟರು ಬೇಡ, ಭಾಷೆ ಬೇಡ, ನಮ್ಮ ಸಂಸ್ಕೃತಿ ಅನ್ನೋದೇ ಇಲ್ಲ ನಿಂಗೆ ಅಂತ. ಗುಬ್ಬಿ ದಾಟೋವರೆಗೂ ಅವಳು ತುಟಿ ಬಿಚ್ಚಲಿಲ್ಲ. ಆಮೇಲೆ ಕಿಟಕಿ ಕಡೆ ಮುಖ ಮಾಡ್ಕೊಂಡು, ಇಂಗ್ಲಿಷಲ್ಲೇ, ನಂಗೆ ಕನ್ನಡದಲ್ಲಿ ಮಾತಾಡ್ಬೇಡ ಅಂದಿದ್ದು ನೀವಿಬ್ರೇ ತಾನೆ ಅಂದಳು.

ಅವಳು ಹೇಳಿದ್ದು ನಿಜ. ಅದಕ್ಕೇ ಇದನ್ನ ಬರೀತಿದೀನಿ.

2012ರಲ್ಲಿ ಅವಳಿಗೆ ಮೂರೂವರೆ ವರ್ಷ. ನರ್ಸರಿ ಸೇರಿ ಎರಡು ತಿಂಗಳಾಗಿತ್ತು, ಟೀಚರ್ ಕರೆಸಿ, ಮಗು ಕ್ಲಾಸಲ್ಲಿ ಬಾಯೇ ಬಿಡಲ್ಲ, ಮನೇಲೂ ಇಂಗ್ಲಿಷಲ್ಲೇ ಮಾತಾಡಿಸಿ ಅಂದ್ರು. ನಾವು ಒಂದು ಪ್ರಶ್ನೆನೂ ಕೇಳಲಿಲ್ಲ. ಆವತ್ತು ರಾತ್ರಿಯಿಂದಾನೇ ಶುರು. ‘ಅಮ್ಮಾ ಚಂದಮಾಮ ತೋರ್ಸು’ ಅಂತ ಟೆರೇಸಿಗೆ ಎಳ್ಕೊಂಡು ಹೋಗೋ ಮಗು ಅದು, ನಾನು ಅದರ ಗಲ್ಲ ಹಿಡಿದು ‘ಮೂನ್ ಅನ್ನು, ಆಮೇಲೆ ತೋರಿಸ್ತೀನಿ’ ಅಂದೆ. ಮೊದಮೊದಲು ಅಳ್ತಿತ್ತು. ಆಮೇಲೆ ಕೇಳೋದೇ ಬಿಟ್ಟುಬಿಡ್ತು.

ಯಾಕಂಗ್ ಮಾಡಿದೆ ಅಂದ್ರೆ ಭಯ. ನಾನು ಕನ್ನಡ ಮೀಡಿಯಂ. ಬೆಂಗಳೂರಿಗೆ ಡಿಗ್ರಿಗೆ ಬಂದಾಗ ಮೊದಲನೇ ಸೆಮಿನಾರಲ್ಲಿ ಎದ್ದು ನಿಂತು ನಾಲ್ಕು ಸಾಲು ಹೇಳಕ್ಕಾಗದೆ ಗಂಟಲು ಕಟ್ಟಿ ಕೂತಿದ್ದು, ಹಿಂದಿನ ಬೆಂಚಿನೋರು ನಕ್ಕಿದ್ದು ಇವತ್ತಿಗೂ ಕಿವೀಲಿದೆ. ನನ್ ಮಗಳು ಹಂಗೆ ನಿಲ್ಲಬಾರದು ಅನ್ನೋದೊಂದೇ ನನ್ನ ತಲೇಲಿದ್ದಿದ್ದು. ಇಂಗ್ಲಿಷ್ ಬೇಡಿತ್ತು ಅಂತ ನಾನು ಇವತ್ತೂ ಹೇಳಲ್ಲ, ಹಳ್ಳಿಯಿಂದ ಬಂದ ಯಾವ ತಾಯೀನೂ ಹೇಳಲ್ಲ. ಆದ್ರೆ ಇಂಗ್ಲಿಷ್ ಒಳಗೆ ಬರ್ಬೇಕಾದ್ರೆ ಕನ್ನಡ ಮನೆ ಬಿಟ್ಟು ಹೊರಗೆ ಹೋಗ್ಬೇಕು ಅಂತ ನಂಬಿದ್ನಲ್ಲ, ಅದು ತಪ್ಪು.

ನಮ್ಮಪ್ಪ 1982ರಲ್ಲಿ, ಸ್ಕೂಲಲ್ಲಿ ಕನ್ನಡಕ್ಕೇ ಮೊದಲ ಸ್ಥಾನ ಕೊಡ್ಬೇಕು ಅಂದಿದ್ದ ಗೋಕಾಕ್ ವರದಿ ಜಾರಿಯಾಗ್ಲಿ ಅಂತ ಚಳವಳಿ ನಡೆದಾಗ ರಾಜಕುಮಾರ್ ಮಾತು ಕೇಳೋಕೆ ಬೆಂಗಳೂರಿಗೆ ಬಸ್ ಹತ್ತಿದ್ದೋರು. ಅವರ ಮೊಮ್ಮಗಳ ಹತ್ರ ಅವರ ಮಗಳೇ ಕನ್ನಡ ಬಿಡಿಸಿದಳು. ಇದಕ್ಕೆ ಸರ್ಕಾರನ ಬೈದು ಪ್ರಯೋಜನ ಇಲ್ಲ. ಮಗು ಯಾವ ಮಾಧ್ಯಮದಲ್ಲಿ ಓದ್ಬೇಕು ಅನ್ನೋದು ಅಪ್ಪ ಅಮ್ಮನ ಆಯ್ಕೆ ಅಂತ 2014ರಲ್ಲಿ ಸುಪ್ರೀಂ ಕೋರ್ಟಿನ ಐದು ಜನ ಜಡ್ಜುಗಳ ಪೀಠ ಕರ್ನಾಟಕದ ಕೇಸಲ್ಲೇ ಹೇಳ್ತು. ಸರಿ, ಆಯ್ಕೆ ನಮ್ದು ಅಂದ್ಮೇಲೆ ಅದರ ಭಾರನೂ ನಮ್ದೇ ಅಲ್ವಾ? ಕೋರ್ಟ್ ಹೇಳಿದ್ದು ಸ್ಕೂಲಿನ ಮಾತು. ನಮ್ಮ ಅಡುಗೆಮನೆಗೆ ಯಾವ ಜಡ್ಜೂ ಬಂದಿರಲಿಲ್ಲ.

2015ರಲ್ಲಿ ಕನ್ನಡ ಕಲಿಕೆ ಕಾಯ್ದೆ ಬಂತು, ಎಲ್ಲಾ ಸ್ಕೂಲಲ್ಲೂ ಕನ್ನಡ ಮೊದಲನೇ ಇಲ್ಲಾ ಎರಡನೇ ಭಾಷೆ ಆಗಿರ್ಬೇಕು ಅಂತ. ಹಂಗಾಗಿ ಇವಳೂ ಅಕ್ಷರ ಕಲಿತಳು, ಸಂಧಿ ಬಿಡಿಸ್ತಾಳೆ, ಸಮಾನಾರ್ಥಕ ಪದ ಬರೀತಾಳೆ, ಮಾರ್ಕ್ಸೂ ಬರುತ್ತೆ. ಆದ್ರೆ ಅಜ್ಜಿ ಫೋನ್ ಮಾಡಿ ‘ಊಟ ಆಯ್ತಾ ಕೂಸೆ’ ಅಂದ್ರೆ ‘ಹಾಂ ಅಜ್ಜಿ’ ಅಂದು ಫೋನ್ ನನ್ನ ಕೈಗೆ ಕೊಟ್ಬಿಡ್ತಾಳೆ. ಪುಸ್ತಕದಲ್ಲಿರೋ ಕನ್ನಡದಲ್ಲಿ ಯಾರೂ ಅವಳನ್ನ ಎತ್ತಿಕೊಂಡಿಲ್ಲ, ಬೈದಿಲ್ಲ, ಮಲಗಿಸಿಲ್ಲ. ಆ ಮಾತೆಲ್ಲಾ ನಾನು ಕೊಡ್ಬೇಕಿತ್ತು.

ಈಗ ಅವರೆಕಾಯಿ ಕಾಲ. ಹೋದ ವಾರ ಅಮ್ಮ ಊರಿಂದ ಒಂದು ಚೀಲ ಹೊತ್ಕೊಂಡು ಬಂದಿದ್ರು. ಹಾಲಲ್ಲಿ ಪೇಪರ್ ಹಾಸಿ ಸುಲಿತಾ ಕೂತಾಗ ಮಗಳೂ ಬಂದು ಕೂತಳು. ಅಮ್ಮ ಒಂದು ಕಾಯಿ ಮೂಸಿ, ‘ಈ ಸಲ ಸೊಗಡೇ ಇಲ್ಲ ಕಣೇ’ ಅಂದ್ರು. ಸೊಗಡು ಅಂದ್ರೇನು ಅಂತ ಮಗಳು ನನ್ನ ಕೇಳಿದಳು. ನಾನು ಸ್ಮೆಲ್ ಅಂದೆ, ಅಲ್ಲ, ಫ್ಲೇವರ್ ಅಂದೆ, ಅದೂ ಅಲ್ಲ ಅಂತ ನಂಗೇ ಗೊತ್ತಾಯ್ತು. ಅಮ್ಮಂಗೆ ನಾನು ಒದ್ದಾಡ್ತಿರೋದು ಅರ್ಥ ಆಯ್ತೇನೋ, ಚೀಲದ ತಳಕ್ಕೆ ಕೈ ಹಾಕಿ ಹುಡುಕಿ ಒಂದು ದಪ್ಪ ಕಾಯಿ ತೆಗೆದ್ರು, ಮಗಳ ಬೆರಳು ಹಿಡಿದು ಸಿಪ್ಪೆ ಮೇಲೆ ಉಜ್ಜಿಸಿದ್ರು, ಆ ಜಿಡ್ಡು ಬೆರಳಿಗೆ ಅಂಟ್ತು, ಅದನ್ನ ಅವಳ ಮೂಗಿನ ಹತ್ರನೇ ಹಿಡಿದು ‘ಇದು ಸೊಗಡು. ಇಬ್ಬನಿ ಬಿದ್ರೆ ಬರ್ತದೆ, ಮೋಡ ಮುಚ್ಕಂಡ್ರೆ ಹೋಗ್ತದೆ’ ಅಂದ್ರು. ಇವಳು ಕಣ್ಣು ಮುಚ್ಚಿ ಎಳ್ಕೊಂಡಳು. ಆಮೇಲೆ ಒಂದೊಂದೇ ಕಾಯಿ ಎತ್ತಿ ‘ಇದ್ರಲ್ಲಿ? ಇದ್ರಲ್ಲಿ ಸೊಗಡು ಇದೆ?’ ಅಂತ ಕೇಳ್ತಾನೇ ಇದ್ದಳು, ಅಮ್ಮ ಮೂಸಿ ಮೂಸಿ ಹೇಳ್ತಾನೇ ಇದ್ರು. ನಾನು ಮಧ್ಯೆ ಬಾಯಿ ಹಾಕದೆ ಸುಮ್ನೆ ಸುಲಿತಾ ಕೂತಿದ್ದೆ, ಕಣ್ಣು ತುಂಬ್ಕೊಂಡಿತ್ತು.

ನನ್ನ ವಯಸ್ಸಿನ ಅಪ್ಪ ಅಮ್ಮಂದಿರು ತುಂಬಾ ಜನ ಇಲ್ಲಿದೀರ. ನಮ್ ಮಕ್ಕಳಿಗೆ ಬೇರು ಗೊತ್ತಿಲ್ಲ, ಹಬ್ಬ ಬೇಡ, ಊರು ಬೇಡ ಅಂತ ನವೆಂಬರ್ ಬಂದ್ರೆ ನಾವೆಲ್ಲಾ ಬರ್ಕೋತೀವಿ. ಮಕ್ಕಳು ಬಿಟ್ಟಿದ್ದಲ್ಲ ಕಣ್ರೀ ಇದು, ನಾವು ಅವರ ಕೈಯಿಂದ ಬಿಡಿಸಿದ್ದು. ಮೂರು ವರ್ಷದ ಮಗುವಿನ ಬಾಯಿಂದ ಕಿತ್ಕೊಂಡಿದ್ದನ್ನ ಹದಿನಾರಕ್ಕೆ ಎಲ್ಲಿ ಅಂತ ಕೇಳಿದ್ರೆ ಅದು ಎಲ್ಲಿಂದ ತಂದುಕೊಡುತ್ತೆ? ಬೈಯೋ ಹಕ್ಕು ನಮಗಿಲ್ಲ.

ನಾನು ಅವಳ ಹತ್ರ ತಪ್ಪಾಯ್ತು ಅಂತ ಕೇಳಿದೀನಿ, ಕನ್ನಡದಲ್ಲೇ. ನಮ್ಮನೆಯೋರು ಇನ್ನೂ ಕೇಳಿಲ್ಲ, ಕಾರಲ್ಲಿ ಆಡಿದ ಮಾತು ಇಬ್ಬರ ಮಧ್ಯೆ ಹಂಗೇ ಇದೆ. ಅಮ್ಮಂಗೆ 78, ಎಡಗಿವಿ ಪೂರ್ತಿ ಕೇಳಲ್ಲ. ಸಂಕ್ರಾಂತಿಗೆ ಊರಿಗೆ ಹೋಗ್ತಿದೀವಿ, ನಾನು ಅಜ್ಜಿ ಬಲಗಡೆ ಕೂರ್ತೀನಿ ಅಂತ ಮಗಳು ಈಗ್ಲೇ ಹೇಳಿಟ್ಟಿದಾಳೆ.