ಸಮುದ್ರ ನೋಡದ ಊರಿನ ಸಮುದ್ರಗಳು

ಮೊನ್ನೆ ಭಾನುವಾರ ನಮ್ಮ ಕೋಲಾರದಲ್ಲಿ ಮಕ್ಕಳ ಚಿತ್ರಕಲಾ ಸ್ಪರ್ಧೆಗೆ ತೀರ್ಪುಗಾರನಾಗಿ ಹೋಗಿದ್ದೆ. ಆವತ್ತಿನಿಂದ ಸರಿಯಾಗಿ ನಿದ್ದೆ ಬಂದಿಲ್ಲ. ಬರೆದು ಹಾಕಿದರೆ ಸ್ವಲ್ಪ ಹಗುರಾದೀತು ಅಂತ ಕೂತಿದ್ದೇನೆ. ಉದ್ದ ಆಗುತ್ತೆ, ಓದಿ.

ವಿಷಯ 'ಪ್ರಕೃತಿ ಸೌಂದರ್ಯ'. ಅರವತ್ತಕ್ಕೂ ಜಾಸ್ತಿ ಮಕ್ಕಳು. ಎರಡು ಗಂಟೆ ಸಮಯ. ಮುಗಿದ ಮೇಲೆ ಹಾಳೆಗಳನ್ನು ನೆಲದ ಮೇಲೆ ಸಾಲಾಗಿ ಹರಡಿದರು. ಅರ್ಧಕ್ಕಿಂತ ಹೆಚ್ಚು ಹಾಳೆಯಲ್ಲಿ ಸಮುದ್ರ. ಗಾಢ ನೀಲಿ ನೀರು, ಅದರ ಮೇಲೆ ಅರ್ಧ ಕಿತ್ತಳೆ ಸೂರ್ಯ, ಒಂದು ಹಾಯಿದೋಣಿ, ಬಲಗಡೆ ಬಾಗಿದ ತೆಂಗಿನಮರ, ಮೇಲೆ ನಾಲ್ಕು ಹಕ್ಕಿ. ಉಳಿದ ಹಾಳೆಗಳಲ್ಲಿ ಎರಡು ತ್ರಿಕೋನದ ಬೆಟ್ಟ, ನಡುವೆ ಸೂರ್ಯ, ಕೆಳಗೆ ತುಂಬಿ ಹರಿಯುವ ನದಿ. ವರ್ಷಪೂರ್ತಿ ಹರಿಯುವ ಒಂದು ನದಿಯೂ ಇಲ್ಲದ ಜಿಲ್ಲೆ ನಮ್ಮದು. ಸಮುದ್ರ ನೋಡಿದವರು ಕೈ ಎತ್ತಿ ಅಂದೆ. ಏಳು ಕೈ ಎದ್ದವು.

ಹಾಲ್‌ನ ಕಿಟಕಿಯಾಚೆ ಅಂತರಗಂಗೆ ಬೆಟ್ಟ ಎದ್ದು ನಿಂತಿತ್ತು. ಆ ಎರಡು ಗಂಟೆಯಲ್ಲಿ ಒಂದು ಮಗುವೂ ತಲೆ ಎತ್ತಿ ಅದನ್ನು ನೋಡಲಿಲ್ಲ.

ಮಕ್ಕಳ ಮೇಲೆ ನನಗೆ ಚೂರೂ ಕೋಪ ಇಲ್ಲ. ಕೋಪ ಇರೋದು ನಮ್ಮ ಮೇಲೆ. ಬೋರ್ಡಿನ ಮೇಲೆ ಸೀನರಿ ಬರೆದು "ಹೀಗೇ ಬರೀರಿ" ಅನ್ನುವ ಡ್ರಾಯಿಂಗ್ ಮೇಷ್ಟ್ರುಗಳ ಮೇಲೆ. ಆ ಪಟ್ಟಿಯಲ್ಲಿ ಮೊದಲ ಹೆಸರು ನನ್ನದು. ಹದಿನೆಂಟು ವರ್ಷ ಮಕ್ಕಳಿಗೆ ಸಮುದ್ರ ಬರೆಯೋದು ಹೇಳಿಕೊಟ್ಟಿದ್ದೇನೆ. ನಾನು ಸಮುದ್ರ ನೋಡಿದ್ದು ನಲವತ್ಮೂರನೇ ವಯಸ್ಸಿಗೆ, ಹೋದ ಏಪ್ರಿಲ್‌ನಲ್ಲಿ.

ಆ ಕರಾವಳಿ ಪ್ರವಾಸದ ಚಿತ್ರಗಳನ್ನು ನೀವೆಲ್ಲ ಇಲ್ಲೇ ನೋಡಿದ್ದೀರಿ. ಆದರೆ ಮೊದಲ ದಿನದ ಚಿತ್ರವನ್ನು ನಾನು ಯಾರಿಗೂ ತೋರಿಸಿಲ್ಲ.

ಮಲ್ಪೆಯಲ್ಲಿ ಬೆಳಿಗ್ಗೆ ಏಳಕ್ಕೇ ಮರಳ ಮೇಲೆ ಸ್ಟೂಲ್ ಹಾಕಿ ಕೂತಿದ್ದೆ. ತಲೆ ಮೇಲೆ ಕರಿ ಕೊಡೆ. ಬಣ್ಣದ ಕೊಡೆಯಾದರೆ ಅದರ ಬಣ್ಣವೇ ಹಾಳೆ ಮೇಲೆ ಬಿದ್ದು ಮೋಸ ಮಾಡುತ್ತದೆ. ಅಲ್ಟ್ರಾಮರೀನ್ ನೀಲಿ ಕಲಸಿ, ಇಷ್ಟು ವರ್ಷ ಕಲಿಸಿದ ಹಾಗೇ ಎಡದಿಂದ ಬಲಕ್ಕೆ ಎಳೆದುಬಿಟ್ಟೆ. ಬಲೆ ಸರಿಮಾಡುತ್ತಿದ್ದ ಅಜ್ಜರೊಬ್ಬರು ಬಂದು ಪಕ್ಕದಲ್ಲಿ ನಿಂತರು. ಹಾಳೆ ನೋಡಿದರು, ನೀರು ನೋಡಿದರು.

"ಅಷ್ಟು ನೀಲಿ ಎಲ್ಲುಂಟು ಮಾರಾಯ್ರೆ?"

ಅಷ್ಟು ಹೇಳಿ ಬಲೆ ಹತ್ತಿರ ವಾಪಸ್ ಹೋದರು. ನಾನು ಕುಂಚ ಕೆಳಗಿಟ್ಟೆ. ಆಮೇಲೆ ಒಂದು ಗಂಟೆ ಸುಮ್ನೆ ನೋಡಿದೆ. ಬದುಕಿನಲ್ಲಿ ಮೊದಲ ಸಲ ನೋಡಿದೆ ಅನ್ನಿ.

ದಡದ ಹತ್ತಿರ ನೀರು ಮರಳು ಕಲಸಿಕೊಂಡು ಟೀ ಬಣ್ಣ. ಅದರಾಚೆ ಹಸಿರು. ಇನ್ನೂ ಆಚೆ ಬೂದು ಕಲೆತ ನೀಲಿ. ಕೊನೆಗೆ ಏಪ್ರಿಲ್‌ನ ಬಿಸಿಲ ಮಬ್ಬಿನಲ್ಲಿ ನೀರೆಲ್ಲಿ ಮುಗಿಯಿತು, ಆಕಾಶ ಎಲ್ಲಿ ಶುರುವಾಯಿತು ಅಂತಲೇ ಗೊತ್ತಾಗದು. ನಾನು ಸ್ಕೇಲ್ ಇಟ್ಟು ಎಳೆಸುತ್ತಿದ್ದ ಆ ಗೆರೆ ಅಲ್ಲಿ ಇರಲೇ ಇಲ್ಲ. ಅಲೆ ಹಿಂದೆ ಸರಿದಾಗ ಒದ್ದೆ ಮರಳು ಕನ್ನಡಿಯ ಹಾಗೆ ಆಕಾಶವನ್ನು ಹಿಡಿದುಕೊಂಡು, ನಾಲ್ಕೈದು ಎಣಿಸುವಷ್ಟರಲ್ಲಿ ಮಂಕಾಗುತ್ತಿತ್ತು.

ಬೆಳಿಗ್ಗೆ ಸೂರ್ಯ ನನ್ನ ಬೆನ್ನ ಹಿಂದೆ ಇದ್ದ. ಘಟ್ಟದ ಕಡೆಯಿಂದ ಬರುವ ಬೆಳಕು ನೇರ ನೀರಿನ ಮೇಲೆ ಬೀಳುತ್ತೆ, ಅದಕ್ಕೇ ಅಷ್ಟೊಂದು ಬಣ್ಣ ಕಾಣೋದು. ಮಧ್ಯಾಹ್ನ ಮೂರರ ಮೇಲೆ ಸೂರ್ಯ ಎದುರಿಗೆ ಬಂದ. ಬಣ್ಣವೆಲ್ಲ ಹೋಗಿ ಸಮುದ್ರ ಬೆಳ್ಳಿ ತಗಡಾಯಿತು, ದೋಣಿಗಳು ಇದ್ದಿಲಿನ ತುಂಡುಗಳಾದವು. ಒಂದೇ ಜಾಗ, ಒಂದೇ ದಿನ, ಎರಡು ಸಮುದ್ರ. ಮೊನ್ನೆ ಒಬ್ಬ ಹುಡುಗ ತನ್ನ ಚಿತ್ರದ ಕೆಳಗೆ 'ನಮ್ಮ ಕರ್ನಾಟಕದ ಕಡಲಲ್ಲಿ ಸೂರ್ಯೋದಯ' ಅಂತ ಬರೆದಿದ್ದ. ನಮ್ಮ ಕರಾವಳಿಯಲ್ಲಿ ಸೂರ್ಯ ನೀರಿಗೆ ಇಳಿಯುತ್ತಾನೆ, ನೀರಿನಿಂದ ಏಳೋದಿಲ್ಲ. ಅವನಿಗೆ ಯಾರು ಹೇಳಬೇಕಿತ್ತು? ನಾವೇ ಅಲ್ವಾ?

ಅಲ್ಲಿಂದ ಬಸ್ಸು ಬದಲಾಯಿಸುತ್ತಾ ಉತ್ತರಕ್ಕೆ ಹೋದೆ. ಮರವಂತೆಯಲ್ಲಿ ಹೆದ್ದಾರಿಯ ಒಂದು ಪಕ್ಕ ಸಮುದ್ರ, ಇನ್ನೊಂದು ಪಕ್ಕ ಸೌಪರ್ಣಿಕಾ ನದಿ. ಸಂಜೆ ಅಲೆ ಮಗುಚುವ ಮುಂಚೆ ಅದರ ತುದಿ ತೆಳ್ಳಗಾಗುತ್ತದಲ್ಲ, ಹಿಂದಿನಿಂದ ಬಿಸಿಲು ತೂರಿ ಅಲ್ಲಿ ಬಾಟಲಿ ಗಾಜಿನ ಹಸಿರು ಹೊಳೆಯುತ್ತದೆ. ಕಣ್ಣು ಮಿಟುಕಿಸಿದರೆ ಇಲ್ಲ. ಆ ಒಂದು ಹಸಿರಿಗಾಗಿ ಒಂಬತ್ತು ಹಾಳೆ ಕೆಡಿಸಿದೆ. ಅಲ್ಲಿ ಹಸಿ ಬಣ್ಣ ಒಣಗೋಕೆ ಇಪ್ಪತ್ತು ನಿಮಿಷ ಬೇಕು, ಗಾಳಿಯಲ್ಲಿ ಅಷ್ಟು ನೀರಿನ ಪಸೆ. ಅಷ್ಟರಲ್ಲಿ ಮರಳು ಹಾರಿ ಬಂದು ಅಂಟಿಕೊಂಡಿತು. ಚಿತ್ರಕಾರ ವ್ಯಾನ್‌ಗಾಗ್ 1882ರಲ್ಲಿ ನೆದರ್ಲೆಂಡ್ಸ್‌ನ ಸ್ಕೆವೆನಿಂಗನ್ ಕಡಲತೀರದಲ್ಲಿ ಬಿರುಗಾಳಿಗೆ ಎದುರು ನಿಂತು ಬರೆದ ಚಿತ್ರದಲ್ಲಿ ಇವತ್ತಿಗೂ ಮರಳಿನ ಕಣಗಳಿವೆ. ಅದನ್ನು ಎಂದೋ ಓದಿದ್ದೆ. ನನ್ನ ಹಾಳೆ ಮೇಲೆ ಬೆರಳಾಡಿಸಿ ಮರಳು ತಾಕಿದಾಗ ಅಲ್ಲೇ ಅತ್ತುಬಿಟ್ಟೆ. ಇದನ್ನು ಮನೆಯಲ್ಲೂ ಹೇಳಿರಲಿಲ್ಲ.

ಗೋಕರ್ಣದ ಹತ್ತಿರ ಸಾಣಿಕಟ್ಟಾದ ಉಪ್ಪಿನ ಗದ್ದೆಗಳಲ್ಲಿ ಎರಡು ದಿನ ಕಳೆದೆ. ಉಪ್ಪಿನ ರಾಶಿ ಬೆಳ್ಳಗೆ ಅಂತ ಯಾರಾದರೂ ಹೇಳುತ್ತಾರೆ. ಬಿಸಿಲು ಬಿದ್ದ ಕಡೆ ಬಣ್ಣವೇ ಹಚ್ಚದೆ ಹಾಳೆಯ ಬಿಳಿಯನ್ನು ಬಿಡಬೇಕು, ಜಲವರ್ಣದಲ್ಲಿ ಅದಕ್ಕಿಂತ ದೊಡ್ಡ ಬಿಳಿ ಇಲ್ಲ. ಆದರೆ ನೆರಳಿನ ಕಡೆ? ಅಲ್ಲಿ ಉಪ್ಪು ನೇರಳೆ. ಕೋಬಾಲ್ಟ್ ನೀಲಿಗೆ ಒಂದು ಹನಿ ಕ್ರಿಮ್ಸನ್ ಕೆಂಪು, ತುಂಬಾ ನೀರು. ಅದನ್ನು ಹಚ್ಚಿದ ಮೇಲೆಯೇ ಬಿಸಿಲಿನ ಕಡೆಯ ಬಿಳಿ ಕಣ್ಣಿಗೆ ಹೊಡೆಯಿತು.

ಎಂಟು ದಿನ ಆದ ಮೇಲೆ ವಾಪಸ್ ಬಂದೆ. ಸಂಜೆ ನಾಲ್ಕೂವರೆಗೆ ಕೋಲಾರ ಬಸ್‌ಸ್ಟ್ಯಾಂಡಲ್ಲಿ ಇಳಿದು ಬೆಟ್ಟದ ಕಡೆ ತಿರುಗಿದರೆ ಅದೇ ನೇರಳೆ ಅಲ್ಲಿತ್ತು. ಬಂಡೆಗಳ ಸಂದುಗಳಲ್ಲಿ, ನೆರಳಿನಲ್ಲಿ. ಬಿಸಿಲಿನ ಕಡೆ ಬಂಡೆ ಬೂದು ಅಲ್ಲ, ಹುರಿದ ಕಡಲೆಬೇಳೆ ಬಣ್ಣ. ಹುಟ್ಟಿದಾಗಿನಿಂದ ನೋಡುತ್ತಿದ್ದ ಬೆಟ್ಟಕ್ಕೆ ಅಷ್ಟು ವರ್ಷ ಬರೀ ಬೂದು ಹಚ್ಚಿದ್ದೆ.

ಸ್ಪರ್ಧೆಗೆ ವಾಪಸ್ ಬರುತ್ತೇನೆ. ನಿದ್ದೆ ಕೆಡಿಸಿದ್ದು ಆ ಸಮುದ್ರಗಳಲ್ಲ.

ಅಷ್ಟು ಹಾಳೆಗಳ ಮಧ್ಯೆ ಒಬ್ಬ ಹುಡುಗಿಯ ಹಾಳೆಯಲ್ಲಿ ನಮ್ಮೂರ ರಸ್ತೆ ಇತ್ತು. ರಸ್ತೆ ತುಂಬಾ ಹರಡಿದ ರಾಗಿ ಹುಲ್ಲು, ಅದರ ಮೇಲೆ ಹಾದುಹೋಗುತ್ತಿರುವ ಟೆಂಪೋ, ಬದಿಯಲ್ಲಿ ನೀಲಿ ಟಾರ್ಪಾಲು, ಪೊರಕೆ ಹಿಡಿದು ಕಾಯುತ್ತಿರುವ ಹೆಂಗಸು. ಚಕ್ರ ಹರಿದ ಜಾಗದಲ್ಲಿ ಹುಲ್ಲು ಚಪ್ಪಟೆಯಾಗಿ ಮಿರಮಿರ ಅನ್ನುತ್ತದಲ್ಲ, ಅಲ್ಲಿ ಮಾತ್ರ ಬಣ್ಣ ತೆಳುವಾಗಿತ್ತು. ಟೆಂಪೋ ಹಿಂದಿನ ದೂಳನ್ನು ಆ ಹುಡುಗಿ ಒದ್ದೆ ಬೆರಳಿನಿಂದ ತಿಕ್ಕಿ ಮಾಡಿದ್ದಳು, ಬೆರಳಿನ ಗುರುತು ಕಾಣುತ್ತಿತ್ತು. ಇದನ್ನು ಯಾವ ಮೇಷ್ಟ್ರೂ ಹೇಳಿಕೊಟ್ಟಿಲ್ಲ. ನಿಂತು ನೋಡಿದವರಿಗೆ ಮಾತ್ರ ಬರುವಂಥದ್ದು.

ನಾನು ಅದಕ್ಕೇ ಮೊದಲ ಬಹುಮಾನ ಅಂದೆ. ಜೊತೆಗಿದ್ದ ಇಬ್ಬರು ತೀರ್ಪುಗಾರರು ಒಪ್ಪಲಿಲ್ಲ. "ಚೆನ್ನಾಗಿದೆ ಸಾರ್, ಆದ್ರೆ ಇದ್ರಲ್ಲಿ ಪ್ರಕೃತಿ ಎಲ್ಲಿದೆ? ಸೀನರಿನೇ ಇಲ್ವಲ್ಲ" ಅಂದರು. ಮೊದಲ ಬಹುಮಾನ ಒಂದು ನೀಲಿ ಸಮುದ್ರಕ್ಕೆ ಹೋಯಿತು. ಎರಡನೆಯದೂ ಸಮುದ್ರಕ್ಕೆ. ಸಮಾಧಾನಕರ ಬಹುಮಾನದಲ್ಲೂ ಆ ರಾಗಿ ಚಿತ್ರ ಇಲ್ಲ.

ಇದನ್ನು ಒಬ್ಬ ಗೆಳೆಯನಿಗೆ ಹೇಳಿದೆ. "ಮಕ್ಕಳ ಕಲ್ಪನೆಗೆ ಯಾಕೆ ಅಡ್ಡ ಬರ್ತೀಯ? ನೋಡದೇ ಇರೋದನ್ನ ಬರೆಯೋದೂ ಕಲೆನೇ" ಅಂದ. ಕಲ್ಪನೆ ಆಗಿದ್ದರೆ ನಾನು ತಲೆ ಬಾಗುತ್ತಿದ್ದೆ. ಕಲ್ಪನೆಯಾದರೆ ಒಂದೊಂದು ಮಗುವಿಗೆ ಒಂದೊಂದು ಸಮುದ್ರ ಬರಬೇಕಿತ್ತು. ಎಲ್ಲರ ತೆಂಗಿನಮರ ಬಲಗಡೆಯೇ ಯಾಕಿತ್ತು? ಎಲ್ಲರಿಗೂ ನಾಲ್ಕೇ ಹಕ್ಕಿ ಯಾಕೆ? ಅದು ನಾವು ಕೊಟ್ಟ ಅಚ್ಚು. ಇನ್ನು ಕೆಲವರು, ಕೋಲಾರದಲ್ಲಿ ಬರೆಯೋಕೆ ಏನಿದೆ, ಬರೀ ಬಂಡೆ, ನೀಲಗಿರಿ ಮರ ಅಂತಾರೆ. ಪಕ್ಕದ ದೊಡ್ಡಬಳ್ಳಾಪುರದಲ್ಲಿ 1910ರಲ್ಲಿ ಹುಟ್ಟಿದ ಚಿತ್ರಕಾರ ರುಮಾಲೆ ಚನ್ನಬಸವಯ್ಯನವರು ಬೆಂಗಳೂರಿನ ಹೂ ಬಿಟ್ಟ ಮರಗಳನ್ನು, ಪಾರ್ಕುಗಳನ್ನು ಅಲ್ಲೇ ನಿಂತು ಬರೆದರು. ಅವರ ಚಿತ್ರದ ಎದುರು ನಿಂತರೆ ಈಗಲೂ ಬಿಸಿಲು ಮುಖಕ್ಕೆ ಬಡಿಯುತ್ತದೆ. ಬಯಲುಸೀಮೆಯಲ್ಲಿ ಬಿಸಿಲಿಗೆ ಬರ ಇದೆಯಾ?

ಆವತ್ತು ನಾನು ಐದು ನಿಮಿಷ ವಾದ ಮಾಡಿದೆ. ಅಷ್ಟರಲ್ಲಿ ಅತಿಥಿಗಳು ಬಂದರು, ಎಲ್ಲರೂ ಅವಸರ ಮಾಡಿದರು. ಫಲಿತಾಂಶದ ಹಾಳೆಗೆ ನಾನೂ ಸಹಿ ಹಾಕಿದೆ. ಹಾಕಬಾರದಿತ್ತು. ಆ ಸಹಿ ಮೂರು ರಾತ್ರಿಯಿಂದ ಕಣ್ಣ ಮುಂದೆ ಇದೆ.

ಕೆಳಗಿಳಿದು ಹುಡುಕುವಷ್ಟರಲ್ಲಿ ಆ ಹುಡುಗಿ ಹಾಳೆ ಸುರುಳಿ ಸುತ್ತಿಕೊಂಡು ಹೊರಟುಹೋಗಿದ್ದಳು. ಹಾಳೆ ಹಿಂದೆ ಹೆಸರಿರಲಿಲ್ಲ, 26 ಅಂತ ನಂಬರ್ ಮಾತ್ರ ಇತ್ತು. ಆರೋ ಏಳೋ ಕ್ಲಾಸ್ ಇರಬಹುದು. ನಿಮಗೆ ಗೊತ್ತಿರುವ ಮಗು ಆದರೆ ಇಲ್ಲಿ ಹೆಸರು ಹಾಕಬೇಡಿ, ನನಗೆ ಮೆಸೇಜ್ ಮಾಡಿ. ಕರಾವಳಿಗೆ ಒಯ್ದಿದ್ದ ಒಳ್ಳೆ ಕಾಟನ್ ಹಾಳೆಗಳಲ್ಲಿ ಹನ್ನೊಂದು ಖಾಲಿ ಉಳಿದಿವೆ. ಅವು ಅವಳಿಗೆ. ಮುಂದಿನ ಭಾನುವಾರ ಬೆಳಿಗ್ಗೆ ಏಳಕ್ಕೆ ಅಂತರಗಂಗೆ ಮೆಟ್ಟಿಲ ಹತ್ತಿರ ಇರುತ್ತೇನೆ. ಅವಳೂ ಬರಲಿ, ಬೇರೆ ಮಕ್ಕಳೂ ಬರಲಿ. ರಟ್ಟು, ಬಣ್ಣ, ಒಂದು ಬಾಟಲಿ ನೀರು ತಂದರೆ ಸಾಕು.