ಮೇಷ್ಟ್ರು ನೋಟ್ಸ್ ಬರೆಸಬೇಕಾ? ಪರ–ವಿರೋಧ

ಪರ

ಎಸ್‌ಎಸ್‌ಎಲ್‌ಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಪಿಯುಸಿಯಲ್ಲಿ ಸೈನ್ಸ್ ತಗೊಂಡ ಹುಡುಗಿಯ ಪಕ್ಕ ಒಂದು ದಿನ ಕೂತು ನೋಡಿ. ನಿನ್ನೆವರೆಗೆ ‘ದ್ಯುತಿಸಂಶ್ಲೇಷಣೆ’ ಅಂತ ಬರೆಯುತ್ತಿದ್ದ ಕೈ ಇವತ್ತು ‘ಫೋಟೋಸಿಂಥೆಸಿಸ್’ ಅಂತ ಇಂಗ್ಲಿಷಿನಲ್ಲಿ ಬರೆಯಬೇಕು. ಎಲೆ, ಬಿಸಿಲು, ನೀರು ಎಲ್ಲ ಅವಳಿಗೆ ಗೊತ್ತು. ಸ್ಪೆಲಿಂಗ್ ಗೊತ್ತಿಲ್ಲ, ವಾಕ್ಯ ಕಟ್ಟೋಕೆ ಬರೋದಿಲ್ಲ. ‘ನೀನೇ ನೋಟ್ಸ್ ಮಾಡ್ಕೋ’ ಅಂದರೆ ಅವಳು ಏನು ಮಾಡಬೇಕು?

ಮೇಷ್ಟ್ರು ನಿಧಾನವಾಗಿ ಹೇಳಿ, ಕಷ್ಟದ ಪದವನ್ನು ಬೋರ್ಡಿನ ಮೇಲೆ ಬರೆದರೆ ಅವಳಿಗೆ ಹೋದ ಜೀವ ಬಂದ ಹಾಗಾಗುತ್ತದೆ. ಮನೆಯಲ್ಲಿ ಹೇಳಿಕೊಡೋರಿಲ್ಲ, ಟ್ಯೂಷನ್‌ಗೆ ದುಡ್ಡಿಲ್ಲ. ಪರೀಕ್ಷೆಯ ಹಿಂದಿನ ರಾತ್ರಿ ಅವಳ ಕೈಯಲ್ಲಿರೋದು ಆ ನೋಟ್‌ಬುಕ್ ಒಂದೇ. ಮೊದಲ ಎರಡು ತಿಂಗಳಾದರೂ ಬರೆಸಲೇಬೇಕು.

ವಿರೋಧ

ಆ ಹುಡುಗಿಯ ಕಷ್ಟ ನಿಜ. ಆದರೆ ಎರಡು ತಿಂಗಳು ಅಂತ ಶುರುವಾದದ್ದು ಎರಡು ವರ್ಷ ಎಳೆಯುತ್ತದೆ. ಬರೆಸುವಾಗ ತರಗತಿ ಹೇಗಿರುತ್ತೆ ಗಮನಿಸಿದ್ದೀರಾ? ಎಲ್ಲರೂ ತಲೆ ತಗ್ಗಿಸಿರುತ್ತಾರೆ. ಒಂದು ಸಾಲು ತಪ್ಪಿಸಿಕೊಂಡವನು ಪಕ್ಕದವನ ಪುಸ್ತಕ ಇಣುಕುತ್ತಾನೆ. ‘ಸರ್, ಅದು ಯಾಕೆ ಹಾಗೆ?’ ಅಂತ ಕೇಳೋಕೆ ಯಾರಿಗೂ ಪುರುಸೊತ್ತಿಲ್ಲ. ಕಿವಿಗೆ ಬಿದ್ದದ್ದು ನೇರ ಪೆನ್ನಿಗೆ ಇಳಿಯುತ್ತದೆ, ತಲೆಗೆ ಕೆಲಸವೇ ಇಲ್ಲ. ಇದೇ ಮಕ್ಕಳು ಡಿಗ್ರಿಗೆ ಹೋದಾಗ ‘ನಿಮ್ಮ ಮಾತಲ್ಲಿ ಎರಡು ಪುಟ ಬರೆಯಿರಿ’ ಅಂದರೆ ಇಂಟರ್ನೆಟ್ಟಿನಿಂದ ಹಾಗೇ ಇಳಿಸುತ್ತಾರೆ. ಅವರನ್ನು ಬೈದು ಏನು ಪ್ರಯೋಜನ? ಸ್ವಂತ ವಾಕ್ಯ ಬರೆಯೋಕೆ ಯಾವತ್ತು ಬಿಟ್ಟಿದ್ದೆವು ನಾವು?

ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿದ್ದ ವಾಲ್ಟರ್ ಪಾಕ್ 1950ರ ದಶಕದಲ್ಲೇ ಸುಲಭದ ದಾರಿ ತೋರಿಸಿದ್ದರು. ಪುಟದ ಎಡಕ್ಕೆ ಅಗಲವಾದ ಮಾರ್ಜಿನ್ ಬಿಡಿ. ಪಾಠ ಕೇಳುತ್ತಾ ಬಲಗಡೆ ಚುಟುಕಾಗಿ ಬರೆದುಕೊಳ್ಳಿ. ಪಾಠ ಮುಗಿದ ಮೇಲೆ ಅದರಿಂದಲೇ ಪ್ರಶ್ನೆ ಹುಟ್ಟಿಸಿ ಎಡಗಡೆ ಬರೆಯಿರಿ. ಪುಟದ ಕೆಳಗೆ ಎರಡು ಮೂರು ಸಾಲಿನ ಸಾರಾಂಶ. ಓದುವಾಗ ಬಲಗಡೆ ಮುಚ್ಚಿಕೊಂಡು ಉತ್ತರ ಹೇಳಬೇಕು, ಅಷ್ಟೇ. ಒಂದು ಸ್ಕೇಲು, ಒಂದು ಪೆನ್ಸಿಲ್ ಸಾಕು.

ನಮ್ಮ ಹುಡುಗಿ ಇದನ್ನು ಕನ್ನಡದಲ್ಲೇ ಮಾಡಲಿ. ‘ಎಲೆ ಹಸಿರಾಗಿರೋದು ಯಾಕೆ?’ ಅಂತ ಎಡಗಡೆ, ‘ಕ್ಲೋರೋಫಿಲ್’ ಅನ್ನೋ ಪದ ಮಾತ್ರ ಇಂಗ್ಲಿಷ್ ಅಕ್ಷರದಲ್ಲಿ ಬಲಗಡೆ. ಬರೆಸೋದು ಬಿಟ್ಟರೆ ಮೇಷ್ಟ್ರಿಗೂ ಹತ್ತು ನಿಮಿಷ ಉಳಿಯುತ್ತದೆ. ಅಷ್ಟರಲ್ಲಿ ಬೆಂಚುಗಳ ನಡುವೆ ಓಡಾಡಿ, ದಿನಕ್ಕೆ ನಾಲ್ಕು ಪುಸ್ತಕದ ಸ್ಪೆಲಿಂಗ್ ತಿದ್ದಬಹುದು. ಅವಳದ್ದನ್ನು ಮೊದಲು ತಿದ್ದಲಿ.